ಇದ್ದದ್ದನ್ನು ಬಿಟ್ಟುಬಿಡು

ಸಂತರ ಪಾಲಖಿ ಬರುವ ವಾರ ಪುಣೆಯ ವಾಸನೆಯೇ ಬದಲಾಗುತ್ತದೆ. ನೆಂದ ತಾಡಪತ್ರಿ, ಬೀದಿ ಬದಿಯ ದೊಡ್ಡ ಪಾತೇಲಿಗಳಲ್ಲಿ ಕುದಿಯುವ ಚಹಾ, ಸಾವಿರಾರು ವಾರಕರಿ ಯಾತ್ರಿಕರ ಒದ್ದೆ ಧೋತರ, ಹೆಂಗಸರ ತಲೆಯ ಮೇಲಿನ ತುಳಸಿ, ಎಲ್ಲ ಸೇರಿ ಒಂದೇ ವಾಸನೆ. ಈ ವರ್ಷ ಹಡಪಸರದಲ್ಲಿ ರಸ್ತೆ ದಾಟಲಾಗದೆ ಅರ್ಧ ತಾಸು ನಿಂತಿದ್ದೆ. ಮಳೆ ಹನಿಯುತ್ತಿತ್ತು. ಒಂದರ ಹಿಂದೊಂದು ದಿಂಡಿಯ ಗುಂಪು ತಾಳ ಬಡಿಯುತ್ತ ಹೋಗುತ್ತಿತ್ತು. ಪಕ್ಕದಲ್ಲಿದ್ದವರು ಕೈ ಮುಗಿದು ನಿಂತಿದ್ದರು. ನಾನು ಮಾತ್ರ, ಈ ಹೊತ್ತಿಗೆ ದಿವೆ ಘಾಟ ಬಂದ್ ಆಗಿರುತ್ತದೆ, ಸಾಸವಡದಿಂದ ಒಂದು ಗಾಡಿಯೂ ಇಳಿಯಲಾರದು ಎಂದು ಯೋಚಿಸುತ್ತಿದ್ದೆ. ಪ್ರತಿವರ್ಷವೂ ಹೀಗೇ ಆಗುತ್ತದೆ. ಆ ವಾಸನೆ ಮೂಗಿಗೆ ಬಡಿದ ಕೂಡಲೇ ನಾನು ಖಡಕಿಯ ಆ ಕೋಣೆಯಲ್ಲಿ, ಕಪ್ಪು ಪರದೆಯ ಮುಂದೆ ಕೂತಿರುತ್ತೇನೆ.

ನಾನು ಆ ಕೋಣೆಗೆ ಕೆಲಸಕ್ಕೆ ಹೋದ ವರ್ಷ, ಮಾರ್ಚಿನಲ್ಲಿ, ನನ್ನ ಗಂಡ ಅರವಿಂದ ತೀರಿಕೊಂಡಿದ್ದರು. ಭೋಸರಿಯ ಒಂದು ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಮಧ್ಯಾಹ್ನ ಮೇಜಿನ ಮೇಲೆ ತಲೆಯಿಟ್ಟು ಮಲಗಿದವರು ಏಳಲಿಲ್ಲ. ಮೂರು ದಿನ ಬಿಟ್ಟು ಅವರ ಕಚೇರಿಯವರು ಊಟದ ಡಬ್ಬಿ ತಂದುಕೊಟ್ಟರು. ಯಾರೋ ತೊಳೆದಿಟ್ಟಿದ್ದರು. ಅವತ್ತು ಊಟ ಮಾಡಿದ್ದರೋ ಇಲ್ಲವೋ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ನಾನು ಅಳಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ನಾಚಿಕೆಯಿಂದಲೂ ಹೇಳುತ್ತಿಲ್ಲ. ಬಂದವರೆಲ್ಲ ನನ್ನ ಮುಖ ನೋಡಿ ಕಾದರು. ವಿಜಯಪುರದಿಂದ ಬಂದ ನನ್ನ ಅಕ್ಕ ಎರಡು ದಿನ ಬೆನ್ನು ಸವರುತ್ತ ಕೂತಳು. ನನಗೆ ಮೈಯೆಲ್ಲ ಬಹಳ ಹೊತ್ತು ಮಡಚಿಟ್ಟ ಕಾಲಿನ ಹಾಗಾಗಿತ್ತು. ಸಾರಿಗೆ ಎರಡು ಸಲ ಉಪ್ಪು ಹಾಕಿ ತಿಂದರೂ ತಿಳಿಯುತ್ತಿರಲಿಲ್ಲ. ಅತ್ತೆ ನನ್ನ ಜೊತೆಗೇ ಇದ್ದರು. ಅವರು ದಿನಾ ಸಂಜೆ ಅಳುತ್ತಿದ್ದರು. ಒಂದು ದಿನ ಅಳು ನಿಲ್ಲಿಸಿ ನನ್ನನ್ನೇ ನೋಡಿ, “ನಿನ್ನ ಕಣ್ಣಾಗ ಹನಿ ನೀರೂ ಇಲ್ಲಲ್ಲವಾ ಸುಮಾ” ಎಂದರು. ಬೈಗುಳದ ಹಾಗೆ ಅಲ್ಲ. ನಲ್ಲಿಯಲ್ಲಿ ನೀರಿಲ್ಲ ಎಂದು ಹೇಳುವ ಹಾಗೆ.

ಜೂನ್ ಮೊದಲ ವಾರ ಕೆಲಸಕ್ಕೆ ಸೇರಿದೆ. ಅದೇ ಡಬ್ಬಿ ಒಯ್ಯುತ್ತಿದ್ದೆ.

ಖಡಕಿಯ ಬಾಜಾರದ ಹಿಂದೆ ಹಳೆಯ ಬಂಗಲೆಯೊಂದರ ಮೇಲ್ಮಹಡಿಯಲ್ಲಿ ನಮ್ಮ ಕಚೇರಿ. ಸಾಸವಡ, ಶಿರೂರದಂಥ ಸಣ್ಣ ಊರುಗಳ ದವಾಖಾನೆಗಳಲ್ಲಿ ಸ್ಕ್ಯಾನ್ ಯಂತ್ರ ಇರುತ್ತದೆ, ಸ್ಕ್ಯಾನ್ ನೋಡಿ ಹೇಳುವ ಡಾಕ್ಟರು ಇರುವುದಿಲ್ಲ. ಅಲ್ಲಿಯ ಚಿತ್ರಗಳನ್ನು ಕಂಪ್ಯೂಟರಿನ ಮೂಲಕ ಇಲ್ಲಿಗೆ ತರಿಸಿಕೊಂಡರೆ ಡಾಕ್ಟರ್ ಬರ್ವೆ ಎಂಬ ಹೆಂಗಸು ಪಕ್ಕದ ಕತ್ತಲೆ ಕೋಣೆಯಲ್ಲಿ ಕೂತು ಒಂದೊಂದೇ ನೋಡಿ ವರದಿ ಹೇಳುತ್ತಿದ್ದರು. ಚಿತ್ರಗಳನ್ನು ತರಿಸುವುದು, ಅವರ ಮುಂದಿಡುವುದು ನನ್ನ ಕೆಲಸ.

ಕಲಿಸಿದವರು ಇನಾಮದಾರ ಸರ್. ಧಾರವಾಡದ ಕಡೆಯವರು, ಮಿಲಿಟರಿಯ ಒಂದು ಕಚೇರಿಯಲ್ಲಿ ಮೂವತ್ತು ವರ್ಷ ತಂತಿ-ಸಂದೇಶ ನೋಡಿಕೊಂಡು ನಿವೃತ್ತರಾದವರು. ಅರ್ಧ ತೋಳಿನ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಮೊದಲ ದಿನ ನಾನು ಎಲ್ಲರ ಹಾಗೆ ಪರದೆಯ ಮೇಲೆ ಕಿಟಕಿ ತೆರೆದು, ಫೈಲನ್ನು ಮೌಸಿನಿಂದ ಎಳೆದು ಈ ಕಡೆಗೆ ಬಿಟ್ಟೆ. ಹಸಿರು ಪಟ್ಟಿ ನಿಧಾನಕ್ಕೆ ಬೆಳೆಯಿತು, ಮುಕ್ಕಾಲಿಗೆ ಬಂದಾಗ ಮಳೆಗೆ ಲೈನ್ ಹೋಯಿತು. ಮತ್ತೆ ಮೊದಲಿನಿಂದ ಶುರು. ನಾಲ್ಕನೆಯ ಸಲ ಹಾಗಾದಾಗ ಅವರು ಕುರ್ಚಿ ಎಳೆದುಕೊಂಡು ಬಂದರು.

“ಈ ಕಿಟಕಿ ಮುಚ್ಚಿಬಿಡ್ರಿ. ಚಂದ ಕಾಣ್ತದ, ಆದ್ರ ನಿಮ್ಮ ಮಾತು ಕೇಳಂಗಿಲ್ಲ” ಎಂದರು.

ಬರೀ ಕಪ್ಪು ಪರದೆ ಉಳಿಯಿತು. ಅದರಲ್ಲಿ ಒಂದು ಬಿಳಿ ಗೆರೆ ಮಿಣುಕುತ್ತಿತ್ತು.

“ಇಲ್ಲೆ ಬರದಽ ಹೇಳಬೇಕು. ಮೊದಲು ಪ್ರೋಗ್ರಾಂ ಹೆಸರು. ಕೊನೀಗೆ ಎಲ್ಲಿಂದ, ಎಲ್ಲಿಗೆ. ನಡುವ ಎರಡು ಅಡ್ಡಗೆರಿ ಹಾಕಿ ಒಂದೊಂದು ಶಬ್ದ ಬರೀಬೇಕು. ಕೆಲಸ ಹ್ಯಾಂಗ ಮಾಡಬೇಕು ಅನ್ನೋದನ್ನ ಆ ಶಬ್ದ ಹೇಳ್ತಾವ.”

ಮೊದಲು ಕಲಿಸಿದ ಶಬ್ದ ಪಾರ್ಶಿಯಲ್. ಎರಡು ಅಡ್ಡಗೆರೆ ಹಾಕಿ ಅದನ್ನು ಬರೆದರೆ, ಲೈನ್ ಹೋದರೂ ಅಲ್ಲಿಯವರೆಗೆ ಬಂದದ್ದನ್ನು ಪ್ರೋಗ್ರಾಂ ಎಸೆಯುವುದಿಲ್ಲ. ಮತ್ತೆ ಅದೇ ಆಜ್ಞೆ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ. ಎರಡನೆಯದು ಡ್ರೈ ರನ್. ಅದನ್ನು ಸೇರಿಸಿದರೆ ಪ್ರೋಗ್ರಾಂ ಏನನ್ನೂ ಮಾಡುವುದಿಲ್ಲ, ಏನೇನು ಮಾಡುತ್ತಿತ್ತು ಎಂಬುದರ ಪಟ್ಟಿ ಮಾತ್ರ ಕೊಡುತ್ತದೆ. “ಹೊಸಾ ಶಬ್ದ ಹಾಕಿದಾಗೆಲ್ಲಾ ಮೊದಲು ಇದನ್ನ ಮಾಡ್ರಿ. ಅದು ಏನು ಮಾಡ್ತೀನಿ ಅಂತದ ನೋಡ್ರಿ. ಆಮ್ಯಾಲೆ ಖರೇನ ಮಾಡ್ರಿ.”

ನನಗೆ ಆ ಕಪ್ಪು ಪರದೆ ಹಿಡಿಸಿತು. ಅದು ಸಮಾಧಾನ ಹೇಳುತ್ತಿರಲಿಲ್ಲ, ಹೇಗಿದ್ದೀರಿ ಎಂದು ಕೇಳುತ್ತಿರಲಿಲ್ಲ. ಬರೆದದ್ದನ್ನು ಮಾಡುತ್ತಿತ್ತು, ಬರೆಯದ್ದನ್ನು ಬಿಡುತ್ತಿತ್ತು. ಮನೆಯಲ್ಲಿ ಯಾವ ಕೆಲಸವನ್ನೂ ಪೂರ್ತಿ ಮಾಡಲಾಗದ ನಾನು ಇಲ್ಲಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರ ತನಕ ತಪ್ಪದೆ ಕೆಲಸ ಮಾಡುತ್ತಿದ್ದೆ. ಜೂನ್ ಮುಗಿಯುವುದರೊಳಗೆ ಅಷ್ಟೂ ಶಬ್ದಗಳನ್ನು ಒಂದು ಫೈಲಿನಲ್ಲಿ ಬರೆದಿಟ್ಟು, ಒಂದೇ ಹೆಸರು ಒತ್ತಿದರೆ ನಮ್ಮ ಪಾಲಿನ ನಾಲ್ಕೂ ಊರಿನ ಚಿತ್ರಗಳು ಸಾಲಾಗಿ ಬರುವ ಹಾಗೆ ಇನಾಮದಾರ ಸರ್ ಮಾಡಿಕೊಟ್ಟರು. ಅದನ್ನು ತಿದ್ದುವುದನ್ನೂ ತೋರಿಸಿದರು. ಪಾಲಖಿಯ ವಾರ ಅವರ ತಂಗಿಯ ಮಗಳ ಮದುವೆಯಿತ್ತು. ಧಾರವಾಡಕ್ಕೆ ಹೋದರು.

ಆ ಮಂಗಳವಾರ ನಾನು ಒಂದು ಶಬ್ದ ಸೇರಿಸಿದೆ.

ಯಾಕೆಂದು ಹೇಳಬೇಕು. ಊರುಗಳಲ್ಲಿ ಯಂತ್ರ ನಡೆಸುವವರು ಹಳೆಯ ಫೈಲುಗಳನ್ನು ತೆರೆದು ನೋಡಿ ಮತ್ತೆ ಉಳಿಸುತ್ತಿದ್ದರು. ಹಾಗೆ ಮಾಡಿದ ಕೂಡಲೇ ಆ ಫೈಲಿನ ಸಮಯ ಬದಲಾಗುತ್ತಿತ್ತು. ಏನೋ ಹೊಸದಾಗಿದೆ ಎಂದುಕೊಂಡು ಪ್ರೋಗ್ರಾಂ ಆ ಹಳೆಯದನ್ನೆಲ್ಲ ಮತ್ತೆ ಹೋಲಿಸಿ ನೋಡುತ್ತ ಕೂರುತ್ತಿತ್ತು. ಹತ್ತು ನಿಮಿಷದ ಕೆಲಸಕ್ಕೆ ನಲವತ್ತು ನಿಮಿಷ. ಪ್ರೋಗ್ರಾಮಿನ ಸಹಾಯದ ಪುಟಗಳನ್ನು ಓದುತ್ತ ಹೋದಾಗ ಇಗ್ನೋರ್ ಎಕ್ಸಿಸ್ಟಿಂಗ್ ಎಂಬುದು ಸಿಕ್ಕಿತು. ಅದೇ ಹೆಸರಿನ ಫೈಲು ಈಗಾಗಲೇ ನಮ್ಮಲ್ಲಿ ಇದ್ದರೆ ಅದನ್ನು ಮುಟ್ಟದೆ ಮುಂದೆ ಹೋಗು ಎಂದು ಅರ್ಥ. ಇದ್ದದ್ದನ್ನು ಬಿಟ್ಟುಬಿಡು. ಎರಡು ಅಡ್ಡಗೆರೆ ಹಾಕಿ ಬರೆದೆ. ಡ್ರೈ ರನ್ ಮಾಡಿದೆ. ಹೊಸ ಏಳು ಫೈಲುಗಳ ಪಟ್ಟಿ ಬಂತು, ಏಳೂ ಸರಿ ಇದ್ದವು. ಆಮೇಲೆ ನಿಜವಾಗಿಯೂ ನಡೆಸಿದೆ. ಎಂಟು ನಿಮಿಷ.

ಬುಧವಾರವೂ ಸರಿಯಾಯಿತು. ಗುರುವಾರ ಪಾಲಖಿ ಪುಣೆ ಬಿಟ್ಟು ದಿವೆ ಘಾಟ ಹತ್ತುವ ದಿನ.

ಬೆಳಿಗ್ಗೆ ಒಂಬತ್ತಕ್ಕೇ ಸಾಸವಡದ ವೈಶಾಲಿ ಫೋನ್ ಮಾಡಿದಳು. ಅಲ್ಲಿ ಸ್ಕ್ಯಾನ್ ಯಂತ್ರ ನಡೆಸುವವಳು ಅವಳೇ. ನನ್ನಷ್ಟೇ ವಯಸ್ಸು, ಫೋನಿನಲ್ಲಿ ಮಾತ್ರ ಪರಿಚಯ. ಸಾಸವಡಕ್ಕೆ ಆಗಲೇ ಜನ ಬಂದು ತುಂಬಿದ್ದಾರೆ, ದವಾಖಾನೆಯಲ್ಲಿ ಕಾಲಿಡಲು ಜಾಗವಿಲ್ಲ ಎಂದಳು. ಕಟ್ಟಡ ಕೆಲಸದವನೊಬ್ಬ ಬೆಳಿಗ್ಗೆ ಸಾರವೆಯಿಂದ ಬಿದ್ದಿದ್ದ, ಅವನ ತಲೆಯ ಸ್ಕ್ಯಾನ್ ಕಳಿಸಿದ್ದಳು. ತರಿಸಿದೆ. ಡಾಕ್ಟರ್ ಬರ್ವೆ ನೋಡಿ, ಏನೂ ಇಲ್ಲ, ಆದರೂ ಸಂಜೆಯ ತನಕ ಮಲಗಿಸಿಕೊಳ್ಳಿ ಎಂದರು. ರೋಗಿಯ ಹೆಸರು ಶರಣಪ್ಪ. ಯಾದಗಿರಿ ಕಡೆಯವನಿರಬೇಕು ಎಂದುಕೊಂಡೆ, ಅಷ್ಟೇ.

ಮಧ್ಯಾಹ್ನ ಒಂದೂವರೆಗೆ ವೈಶಾಲಿ ಮತ್ತೆ ಫೋನ್ ಮಾಡಿ, ಅವನ ಸ್ಕ್ಯಾನ್ ಮತ್ತೊಮ್ಮೆ ತೆಗೆದಿದ್ದೇನೆ, ವಾಂತಿ ಮಾಡಿಕೊಂಡಿದ್ದಾನೆ, ನೋಡಿಸು ಎಂದಳು. ನಾನು ಆಜ್ಞೆ ಒತ್ತಿದೆ. ಕಪ್ಪು ಪರದೆಯ ಮೇಲೆ ಸಾಲುಗಳು ಓಡಿ ನಿಂತವು. ತಪ್ಪು ಎಂಬ ಶಬ್ದ ಎಲ್ಲಿಯೂ ಇರಲಿಲ್ಲ. “ಸಾಸವಡದ್ದು ಬಂದಿದೆ” ಎಂದು ಡಾಕ್ಟರಿಗೆ ಹೇಳಿದೆ. ಅವರ ಮುಂದೆ ಅವತ್ತು ಮೂವತ್ತಕ್ಕೂ ಹೆಚ್ಚು ಸ್ಕ್ಯಾನ್ ಇದ್ದವು. ಶರಣಪ್ಪನ ಹೆಸರಿನ ಫೈಲು ತೆರೆದು ನೋಡಿ, ಬೆಳಗಿನ ಹಾಗೇ ಇದೆ, ಬದಲಾವಣೆ ಇಲ್ಲ ಎಂದರು. ನಾನು ವೈಶಾಲಿಗೆ ಹಾಗೇ ತಿಳಿಸಿ ಡಬ್ಬಿ ತೆರೆದು ಊಟ ಮಾಡಿದೆ.

ಎರಡೂ ಕಾಲಿಗೆ ಮೂರನೆಯ ಫೋನ್. “ಸುಮಾತಾಯಿ, ತಿಚ್ಯಾಶೀ ಜರಾ ಬೋಲ” ಎಂದಳು ವೈಶಾಲಿ, ಅವಳ ಜೊತೆ ಸ್ವಲ್ಪ ಮಾತಾಡು ಎಂದು. ಆ ಮನುಷ್ಯನ ಹೆಂಡತಿ ಅರ್ಧ ತಾಸಿನಿಂದ ಕೈ ಹಿಡಿದು ಏನೋ ಹೇಳುತ್ತಿದ್ದಾಳೆ, ಬರೀ ಕಾನಡಿ, ನನಗೆ ತಿಳಿಯುತ್ತಿಲ್ಲ ಎಂದಳು. ಫೋನ್ ಕೈ ಬದಲಾಯಿತು. ಹಿಂದೆ ಗದ್ದಲ, ಭಜನೆ, ಮಳೆ.

“ಯವ್ವಾ, ಕನ್ನಡ ಬರ್ತದೇನ್ರಿ ನಿಮಗ?”

“ಬರ್ತದ. ಹೇಳ್ರಿ. ನಿಮ್ಮ ಹೆಸರೇನು?”

“ನಿಂಗಮ್ಮ. ನಮ್ಮಂವ ಏಳವಲ್ಲರಿ. ಮುಂಜಾಲೆ ಬಿದ್ದಾಗ ಎದ್ದು ಕುಂತಿದ್ದ, ಚಾ ಕುಡದ, ನಂಗೇನೂ ಆಗಿಲ್ಲ ನಡೀ ಕೆಲಸಕ್ಕ ಹೋಗಮು ಅಂದ. ಈಗ ಗೊರಕಿ ಹೊಡ್ಯಾಕತ್ಯಾನ. ಅದು ನಿದ್ದಿ ಗೊರಕಿ ಅಲ್ಲರಿ. ಹದಿನೆಂಟು ವರ್ಷ ಬಾಜೂಕ ಮಲಗೀನಿ, ನಂಗ ಗೊತ್ತದ. ಇವ್ರಿಗಿ ಹೇಳಿದ್ರ ಫೋಟೋದಾಗ ಏನೂ ಇಲ್ಲಂತಾರ.”

“ಎರಡನೇ ಫೋಟೋ ಎಷ್ಟೊತ್ತಿಗೆ ತಗದ್ರು?”

“ಉಂಡ ಹೊತ್ತಿಗಿ. ಒಂದು ಕಣ್ಣ ಗೊಂಬಿ ದೊಡ್ಡದಾಗ್ಯಾದರಿ. ಒಂದು ಸಣ್ಣದ ಅದ.”

ಫೋನ್ ಕಿವಿಗೆ ಹಿಡಿದೇ ನಾನು ಶರಣಪ್ಪನ ಫೈಲಿನ ಸಮಯ ನೋಡಿದೆ. ಬೆಳಿಗ್ಗೆ ಎಂಟು ಹತ್ತು. ಅದೊಂದೇ ಫೈಲು. ಎರಡನೆಯದು ಇರಲೇ ಇಲ್ಲ. ಪ್ರೋಗ್ರಾಂ ಬರೆದಿಟ್ಟ ದಿನಚರಿಯಲ್ಲಿ ಒಂದೂವರೆಯ ಸಾಲು ಹುಡುಕಿದೆ. ಸಾಸವಡ, ತಂದ ಫೈಲುಗಳು ಸೊನ್ನೆ. ಎರಡನೆಯ ಸ್ಕ್ಯಾನಿನ ಹೆಸರಿನ ಮುಂದೆ ‘ಬಿ’ ಎಂದು ಸೇರಿಸುವ ಪದ್ಧತಿ ಇತ್ತು. ಆ ಗದ್ದಲದಲ್ಲಿ ವೈಶಾಲಿ ಅದನ್ನು ಹಳೆಯ ಹೆಸರಿನಲ್ಲೇ, ಹಳೆಯದರ ಮೇಲೆಯೇ ಉಳಿಸಿದ್ದಳು. ನಮ್ಮ ಪ್ರೋಗ್ರಾಂ ಹೆಸರು ನೋಡಿತ್ತು, ಇದು ನಮ್ಮಲ್ಲಿ ಇದೆ ಎಂದುಕೊಂಡಿತ್ತು, ಮುಂದೆ ಹೋಗಿತ್ತು. ನಾನು ಹೇಳಿದ್ದನ್ನೇ ಮಾಡಿತ್ತು.

ಎದೆ ಹೊಡೆದುಕೊಂಡಿತೆಂದು ಬರೆಯಬೇಕು. ಹೊಡೆದುಕೊಳ್ಳಲಿಲ್ಲ. “ನಿಂಗಮ್ಮ, ಫೋನ್ ಇಡಬ್ಯಾಡ್ರಿ” ಎಂದು ಹೇಳಿ ಅದನ್ನು ಮೇಜಿನ ಮೇಲಿಟ್ಟೆ. ಫೈಲು ತೆರೆದು ಆ ಶಬ್ದವನ್ನು, ಅದರ ಎರಡೂ ಅಡ್ಡಗೆರೆಗಳನ್ನು ಅಳಿಸಿದೆ. ಡ್ರೈ ರನ್ ಮಾಡಿದೆ. ಪಟ್ಟಿಯಲ್ಲಿ ಹಳೆಯ ಫೈಲುಗಳೆಲ್ಲ ಬಂದವು, ಅವುಗಳ ನಡುವೆ ಶರಣಪ್ಪನ ಹೆಸರೂ ಬಂತು. ಅವನೊಬ್ಬನದನ್ನೇ ತರುವ ಆಜ್ಞೆ ಬರೆದು ಒತ್ತಿದೆ.

ನೂರರಲ್ಲಿ ಹತ್ತು, ಹದಿನಾರು, ಇಪ್ಪತ್ತು. ಹೊರಗೆ ಮಳೆ ಜೋರಾಯಿತು. ನಲವತ್ತು ದಾಟಿ ಅರವತ್ತೆರಡಕ್ಕೆ ಬಂದು ನಿಂತಿತು. ಲೈನ್ ಹೋಗಿತ್ತು. ಮತ್ತೆ ಒತ್ತಿದೆ, ಇಲ್ಲ. ಮತ್ತೆ ಒತ್ತಿದೆ. ಐದನೆಯ ಸಲಕ್ಕೆ ಅರವತ್ತೆರಡರಿಂದಲೇ ಮುಂದೆ ಹೋಯಿತು. ಮೇಜಿನ ಮೇಲಿದ್ದ ಫೋನಿನಿಂದ ನಿಂಗಮ್ಮನ ದನಿ ಕೇಳುತ್ತಿತ್ತು, “ಅದೀರೇನ್ರಿ? ಅದೀರೇನ್ರಿ?” ನಾನು ಪ್ರತಿಸಲ “ಅದೀನಿ” ಎನ್ನುತ್ತಿದ್ದೆ. ನೂರಾದಾಗ ಪಕ್ಕದ ಕೋಣೆಗೆ ಹೋಗಿ, “ಮ್ಯಾಡಂ, ನೀವು ನೋಡಿದ್ದು ಬೆಳಗಿನದು. ಎರಡನೆಯದು ಈಗ ಬಂತು” ಎಂದು ಮರಾಠಿಯಲ್ಲಿ ಹೇಳಿದೆ.

ಡಾಕ್ಟರ್ ಬರ್ವೆ ತೆರೆದರು. ತಲೆಬುರುಡೆಯ ಒಂದು ಬದಿಗೆ ಒಳಗಡೆ ಬಿಳಿಯದೊಂದು ಉಬ್ಬು ಕಾಣಿಸಿತು, ಹುಣಸೆಬೀಜದ ಆಕಾರದ್ದು. ನನಗೂ ಕಂಡಿತು. ಅವರು ನನ್ನ ಕಡೆ ನೋಡಲಿಲ್ಲ. ಒಂದು ಕೈಯಲ್ಲಿ ಮೌಸ್ ಹಿಡಿದೇ ಇನ್ನೊಂದು ಕೈಯಿಂದ ಫೋನ್ ತೆಗೆದುಕೊಂಡರು.

ಆಮೇಲಿನದನ್ನು ನಾನು ನೋಡಲಿಲ್ಲ, ಕೇಳಿದೆ. ದಿವೆ ಘಾಟದಲ್ಲಿ ತಲೆಯ ಮೇಲೆ ತಲೆ, ಆಂಬುಲೆನ್ಸ್ ಇಳಿಯುವಂತಿರಲಿಲ್ಲ. ಬೋಪದೇವ ಘಾಟದಿಂದ ಸುತ್ತು ಹಾಕಿ ಬಂದರು. ವೈಶಾಲಿ ತನ್ನ ಫೋನನ್ನೇ ನಿಂಗಮ್ಮನಿಗೆ ಕೊಟ್ಟು ಕಳಿಸಿದ್ದಳು. ಗಾಡಿಯಲ್ಲಿದ್ದವರು ಮರಾಠಿಯಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಅವಳಿಗೆ ಹೇಳಿದೆ, ಅವಳು ಹೇಳಿದ್ದನ್ನು ಅವರಿಗೆ ಮರಾಠಿಯಲ್ಲಿ ಹೇಳಿದೆ. ತಲೆ ಅಲ್ಲಾಡದ ಹಾಗೆ ಹಿಡಿದುಕೊಳ್ಳಿ. ಹಿಡದೀನ್ರಿ. ಹೆಸರು ಹಿಡಿದು ಕರೆಯುತ್ತಿರಿ. ಕರ್ಯಾಕತ್ತೀನ್ರಿ. ಕೊಂಢವೆಯ ದವಾಖಾನೆಯ ಬಾಗಿಲಲ್ಲಿ ಯಾರೋ ಅವಳ ಕೈಯಿಂದ ಫೋನ್ ತೆಗೆದು ಬಂದ್ ಮಾಡಿದರು.

ಶರಣಪ್ಪ ಬದುಕಿದ. ತಲೆ ತೆರೆದು ರಕ್ತ ತೆಗೆದರು. ಎಂಟನೆಯ ದಿನ ಕಣ್ಣು ಬಿಟ್ಟ, ಹೆಂಡತಿಯನ್ನು ಗುರುತಿಸಿದ. ಮಾತು ತಡವರಿಸುತ್ತಿತ್ತು. ಬಲಗೈ ಏಳಲಿಲ್ಲ.

ಅದರ ಮುಂದಿನ ಸೋಮವಾರ ಕಚೇರಿಗೆ ಪೇಢೆ ಬಂತು. ಸಾಸವಡದ ದವಾಖಾನೆಯವರು ಕಳಿಸಿದ್ದು. ಸುಮಾತಾಯಿ ಗಮನಿಸದಿದ್ದರೆ ಆ ಮನುಷ್ಯ ಹೋಗಿಬಿಡುತ್ತಿದ್ದ ಎಂದು ಅವರ ದೊಡ್ಡ ಡಾಕ್ಟರು ಫೋನಿನಲ್ಲಿ ಹೇಳಿದರಂತೆ. ಎಲ್ಲರೂ ನನ್ನ ಕೈಕುಲುಕಿದರು. ನಾನು ಪೇಢೆ ತಿಂದೆ. ಸಿಹಿ ಇತ್ತೋ ಇಲ್ಲವೋ.

ಮದುವೆ ಮುಗಿಸಿ ಬಂದ ಇನಾಮದಾರ ಸರ್ ಕೂತ ಕೂಡಲೇ ಮಾಡಿದ ಕೆಲಸವೆಂದರೆ ಆ ವಾರದ ದಿನಚರಿ ಓದಿದ್ದು. ನನಗೆ ಅದು ಗೊತ್ತಿತ್ತು, ಅಳಿಸಿರಲಿಲ್ಲ. ಬಹಳ ಹೊತ್ತು ಓದಿದರು.

“ಆ ಶಬ್ದ ಯಾವಾಗ ಹಾಕಿದ್ರಿ?”

“ಮಂಗಳವಾರ.”

“ಡ್ರೈ ರನ್ ಮಾಡಿದ್ರೇನು?”

“ಮಾಡಿದ್ದೆ ಸರ್. ಎಲ್ಲಾ ಸರಿ ಬಂತು.”

“ಅವತ್ತು ಸರಿನಽ ಬರ್ತದ.” ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. “ಮಂಗಳವಾರ ಮಾಡಿದ್ದು ಮಂಗಳವಾರಕ್ಕಷ್ಟಽ. ಇದನ್ನ ನಾನು ನಿಮಗ ಹೇಳಬೇಕಿತ್ತು. ಹೇಳಿಲ್ಲ.” ಕನ್ನಡಕ ಹಾಕಿಕೊಂಡು, “ಡಾಕ್ಟರಿಗೆ ಹೇಳ್ರಿ” ಎಂದರು.

ಹೇಳಿದೆ. ಡಾಕ್ಟರ್ ಬರ್ವೆ ಪರದೆಯ ಬೆಳಕಿನಲ್ಲಿ ಕೂತೇ ಕೇಳಿದರು. ಪ್ರತಿ ಚಿತ್ರದ ಮೂಲೆಯಲ್ಲಿ ಅದನ್ನು ತೆಗೆದ ಸಮಯ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದಕ್ಕೆ ಬೆರಳು ತೋರಿಸಿದರು. “ವೇಳ ಮೀ ಪಣ ಪಾಹಿಲೀ ನಾಹೀ, ಸುಮಾ” ಎಂದರು. ನಾನೂ ಸಮಯ ನೋಡಲಿಲ್ಲ ಎಂದು. ಸಾಸವಡದ ದೊಡ್ಡ ಡಾಕ್ಟರಿಗೆ ಅವತ್ತೇ ಫೋನ್ ಮಾಡಿ ಎಲ್ಲವನ್ನೂ ತಿಳಿಸಿದರು. ಮರುದಿನದಿಂದ ಪದ್ಧತಿ ಬದಲಾಯಿತು. ಹೆಸರಿನೊಳಗೇ ಸಮಯ ಸೇರಿತು, ಓದುವ ಮೊದಲು ಸಮಯವನ್ನು ಬಾಯಿಬಿಟ್ಟು ಹೇಳುವುದೂ ಸೇರಿತು. ಯಾರೂ ಯಾರನ್ನೂ ಬೈಯಲಿಲ್ಲ. ಐವತ್ತು ನಿಮಿಷ ತಡವಾಗಿತ್ತು. ವೈಶಾಲಿಯದು ಸ್ವಲ್ಪ, ಡಾಕ್ಟರದು ಸ್ವಲ್ಪ, ನನ್ನದು ಸ್ವಲ್ಪ ಎಂದು ಎಲ್ಲರೂ ಒಪ್ಪಿಕೊಂಡರು. ಅಲ್ಲಿಗೆ ಅದು ಮುಗಿಯಿತು.

ಜುಲೈ ಕೊನೆಗೆ ನಿಂಗಮ್ಮ ಖಡಕಿಗೆ ಬಂದಳು. ಯಾರ ಯಾರನ್ನೋ ಕೇಳಿಕೊಂಡು, ಎರಡು ಬಸ್ಸು ಬದಲಿಸಿ ಬಂದಿದ್ದಳು. ಎತ್ತರದ ಹೆಂಗಸು, ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದ್ದಳು. ಕೈಯಲ್ಲಿ ಜೋಳದ ರೊಟ್ಟಿಯ ಗಂಟು. “ಫೋನಿನ್ಯಾಗ ಇದ್ದಾಕಿ ನೀವಽ ಏನ್ರಿ?” ಎಂದು ಬಾಗಿಲಲ್ಲೇ ನಿಂತು ಕೇಳಿದಳು. ಒಳಗೆ ಕರೆದೆ, ಬರಲಿಲ್ಲ. ಮೆಟ್ಟಿಲ ಮೇಲೆ ಇಬ್ಬರೂ ಕೂತೆವು. ಮಳೆ ಬಿಟ್ಟಿತ್ತು. ಅವಳು ನನ್ನ ಕಾಲಿಗೆ ಕೈ ಚಾಚಿದಾಗ ನಾನು ಕಾಲು ಹಿಂದೆಳೆದುಕೊಂಡೆ.

ಅವಳಿಗೆ ಯಾರೂ ಹೇಳಿರಲಿಲ್ಲ. ಕನ್ನಡದಲ್ಲಿ ಹೇಳಬಲ್ಲವಳು ನಾನೊಬ್ಬಳೇ ಇದ್ದೆ.

ಹೇಳಿದೆ. ಅಡ್ಡಗೆರೆ, ಶಬ್ದ ಎಲ್ಲ ಬಿಟ್ಟೆ. ಎರಡನೆಯ ಫೋಟೋ ಒಂದೂವರೆಗೇ ತಯಾರಿತ್ತು, ನಾನು ಕಂಪ್ಯೂಟರಿಗೆ ಹೇಳಿಟ್ಟ ಒಂದು ಮಾತಿನಿಂದ ಅದು ಬರಲಿಲ್ಲ, ಹಳೆಯದನ್ನೇ ಡಾಕ್ಟರಿಗೆ ತೋರಿಸಿದೆ, ನೀವು ಫೋನ್ ಮಾಡದಿದ್ದರೆ ನನಗೆ ತಿಳಿಯುತ್ತಲೂ ಇರಲಿಲ್ಲ ಎಂದೆ. ಅವಳು ಕೆಳಗಿನ ಮೆಟ್ಟಿಲು ನೋಡುತ್ತ ಕೇಳಿದಳು.

“ಎಷ್ಟೊತ್ತು ಆತ್ರಿ?”

“ಐವತ್ತು ನಿಮಿಷ.”

“ಆಗಲೇ ನೋಡಿದ್ರ ಅವನ ಕೈ ಉಳೀತಿತ್ತೇನು?”

“ಗೊತ್ತಿಲ್ಲ. ಡಾಕ್ಟರೂ ಹೇಳಾಕ ಬರಂಗಿಲ್ಲ ಅಂತಾರ. ಉಳೀತಿತ್ತೋ ಏನೋ.”

ರಸ್ತೆಯಲ್ಲಿ ಮಿಲಿಟರಿಯ ಒಂದು ಲಾರಿ ನೀರು ಸಿಡಿಸುತ್ತ ಹೋಯಿತು. ಅವಳು ರೊಟ್ಟಿಯ ಗಂಟನ್ನು ತೊಡೆಯ ಮೇಲಿಂದ ತೆಗೆದು ಬದಿಗೆ ಇಟ್ಟಳು, ನಮ್ಮಿಬ್ಬರ ನಡುವೆ.

“ನಂಗ್ಯಾಕ ಹೇಳಿದ್ರಿ ಇದನ್ನ?”

ನಾನು ರೊಟ್ಟಿಯ ಗಂಟನ್ನೇ ನೋಡಿದೆ.

“ನಾ ನಿಮ್ಮನ್ನ ದೇವ್ರಂತ ತಿಳಕೊಂಡು ಬಂದಿದ್ನಿ. ಈಗ ಇದನ್ನ ಎಲ್ಲಿ ಇಡ್ಲಿ ಹೇಳ್ರಿ? ದಿನಾ ಅವಂಗ ಅಂಗಿ ತೊಡಸ್ತೀನಿ. ದಿನಾ ಆ ಕೈ ಹಿಡಿದು ತೋಳಿನ್ಯಾಗ ತೂರಸ್ಬೇಕು. ಇನ್ನ ಪ್ರತಿಸಲ ಐವತ್ತು ನಿಮಿಷ, ಐವತ್ತು ನಿಮಿಷ ಅಂತದ ನನ್ನ ತಲಿ.”

ಅವಳ ದನಿ ಏರಲಿಲ್ಲ. ಎದ್ದು ಸೀರೆ ಕೊಡವಿಕೊಂಡು ಎರಡು ಮೆಟ್ಟಿಲು ಇಳಿದಳು. ಅಲ್ಲಿ ನಿಂತು, ತಿರುಗದೆ, “ಗುರುವಾರಕ್ಕೊಮ್ಮಿ ದವಾಖಾನಿಗಿ ಬಾ ಅಂದಾರ. ಅಲ್ಲಿ ಅವರು ಅಂದಿದ್ದು ನಂಗ ತಿಳಿಯಂಗಿಲ್ಲ. ನೀವು ಬರ್ರಿ” ಎಂದಳು. ರೊಟ್ಟಿಯ ಗಂಟು ಮೆಟ್ಟಿಲ ಮೇಲೇ ಇತ್ತು. ಬಿಟ್ಟು ಹೋದಳೋ, ಕೊಟ್ಟು ಹೋದಳೋ ನನಗೆ ಇವತ್ತಿಗೂ ತಿಳಿದಿಲ್ಲ.

ಡಾಕ್ಟರ್ ಬರ್ವೆ ಗುರುವಾರದ ಮುಂಜಾನೆ ರಜೆ ಕೊಟ್ಟರು. ಏಳು ಗುರುವಾರ ಹೋದೆ. ಕೊಂಢವೆಯ ದವಾಖಾನೆಯ ಉದ್ದ ಬೆಂಚಿನ ಮೇಲೆ ಮೂವರೂ ಕೂತಿರುತ್ತಿದ್ದೆವು, ನಡುವೆ ಶರಣಪ್ಪ. ನಿಂಗಮ್ಮ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಗುಳಿಗೆ ಊಟಕ್ಕ ಮೊದಲೋ ಆಮ್ಯಾಲೋ, ಕೇಳ್ರಿ. ಒಮ್ಮೆ, ಮನ್ಯಾಗ ಯಾರ್ಯಾರದೀರಿ ಎಂದು ಕೇಳಿದಾಗ ಅತ್ತೆಯ ಸಂಗತಿ ಹೇಳಿದ್ದೆ. ಶರಣಪ್ಪ ಮಾತ್ರ ನನ್ನನ್ನು ನೋಡಿದರೆ ಮುಖ ಅರಳಿಸಿ, ಒಂದೊಂದೇ ಶಬ್ದ ಹುಡುಕಿ, ಮಾತಾಡಿಸಲು ನೋಡುತ್ತಿದ್ದ. ತಾನು ಗಾರೆ ಕೆಲಸದಲ್ಲಿ ಎಷ್ಟು ನುಣುಪು ಗೋಡೆ ಎಬ್ಬಿಸುತ್ತಿದ್ದೆ ಎಂದು ಹೇಳಲು ಎಡಗೈಯನ್ನು ಗಾಳಿಯಲ್ಲಿ ಮೇಲೆ ಕೆಳಗೆ ಸವರಿ ತೋರಿಸುತ್ತಿದ್ದ.

ನಾಲ್ಕನೆಯ ಗುರುವಾರವೋ ಐದನೆಯದೋ, ಚೀಟಿ ಕೊಡುವ ಕಿಟಕಿಯಲ್ಲಿ ಕೂತ ಮನುಷ್ಯ ಸಹಿ ಬೇಕು ಎಂದ. ಕೈ ಏಳುವುದಿಲ್ಲ, ಹೆಬ್ಬೆಟ್ಟು ಒತ್ತಿಸುತ್ತೇವೆ ಎಂದೆ. ಇವರಿಗೆಲ್ಲ ಹೆಬ್ಬೆಟ್ಟೇ ಗತಿ, ಎಂದು ಪಕ್ಕದವನಿಗೆ ಹೇಳಿ ನಕ್ಕ. ನಾನು ಕಿಟಕಿಯ ಕಟ್ಟೆಗೆ ಅಂಗೈ ಬಡಿದೆ. ಶರಣಪ್ಪ ಏಳನೆಯ ಇಯತ್ತೆ ಓದಿದ್ದಾನೆ, ಸಹಿ ಮಾಡುತ್ತಿದ್ದ, ಮಾಡುತ್ತಿದ್ದ ಕೈ ಅದು, ಎಂದು ಮರಾಠಿಯಲ್ಲಿ ಹೇಳತೊಡಗಿದವಳು ನಿಲ್ಲಿಸಲಾಗದೆ ಹೇಳುತ್ತಲೇ ಹೋದೆ. ಬೆಂಚಿಗೆ ಬಂದು ಕೂತಾಗ ಅಂಗೈ ಚುರುಚುರು ಎನ್ನುತ್ತಿತ್ತು. ಮಾರ್ಚಿನಿಂದೀಚೆಗೆ ನನಗೆ ನೋವೆಂದು ತಿಳಿದದ್ದು ಅದೇ ಮೊದಲು. ನಿಂಗಮ್ಮ ತನ್ನ ನೀರಿನ ಬಾಟಲಿ ತೆಗೆದು ನನ್ನ ಕಡೆ ಚಾಚಿದಳು.

ಆ ಸಂಜೆ ಅತ್ತೆ ಅಳುತ್ತಿದ್ದಾಗ ಹೋಗಿ ಅವರ ಪಕ್ಕ ಕೂತೆ. ಅಳು ಬರಲಿಲ್ಲ. ಆದರೆ ಎದ್ದು ಹೋಗಲೂ ಇಲ್ಲ.

ಸೆಪ್ಟೆಂಬರಿನಲ್ಲಿ ಶರಣಪ್ಪ, ನಿಂಗಮ್ಮ ಊರಿಗೆ ಹೊರಟರು. ನಿಂಗಮ್ಮನ ಅಣ್ಣ ಶಹಾಪುರದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ, ಶರಣಪ್ಪ ಅಲ್ಲಿ ಕೂರಬಹುದು ಎಂದಿದ್ದ. ಸ್ವಾರಗೇಟಿಗೆ ನಾನು ಹೋಗಿದ್ದೆ. ಮಧ್ಯಾಹ್ನದ ಬಿಸಿಲು ಬಿದ್ದಿತ್ತು, ನೆಲದಿಂದ ಹಬೆ ಏಳುತ್ತಿತ್ತು. ಅವಳು ಗಂಡನನ್ನು ಕಿಟಕಿಯ ಬದಿಗೆ ಕೂರಿಸಿ, ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟು, ಕೆಳಗಿಳಿದು ಬಂದಳು.

“ಅವತ್ತು ಮೆಟ್ಟಿಲ ಮ್ಯಾಲ ಹೇಳಿದ್ರಲ್ಲ, ಅದನ್ನ ಅವಂಗ ನಾ ಹೇಳಿಲ್ಲ. ಹೇಳಂಗೂ ಇಲ್ಲ” ಎಂದಳು.

“ಅವರಿಗೂ ಗೊತ್ತಾಗಬೇಕಲ್ರಿ.”

“ಬ್ಯಾಡ. ನಂಗ ಗೊತ್ತದಲ್ಲ, ಸಾಕು. ಅವ ಒಬ್ಬಂವರ ನಿಮ್ಮನ್ನ ಚೊಲೋದಾಕಿ ಅಂತ ತಿಳಕೊಂಡಿರ್ಲಿ.” ನನ್ನ ಮುಖವನ್ನು ನೇರವಾಗಿ ನೋಡಿದಳು. ಮೆಟ್ಟಿಲ ಮೇಲೆ ಕೂತ ದಿನದಿಂದ ಹಾಗೆ ನೋಡಿರಲಿಲ್ಲ. “ನೀವು ನಿಮ್ಮ ಅತ್ತೀನ್ನ ನೋಡ್ಕೊಳ್ರಿ” ಎಂದು ಹೇಳಿ ಬಸ್ಸು ಹತ್ತಿದಳು.

ಬಸ್ಸು ಹಿಂದೆ ಸರಿದು, ತಿರುಗಿ, ಗೇಟಿನ ಕಡೆ ಹೊರಟಿತು. ಕಿಟಕಿಯಿಂದ ಶರಣಪ್ಪ ನನ್ನನ್ನು ಹುಡುಕಿ, ನಕ್ಕು, ಎಡಗೈ ಎತ್ತಿದ. ನಾನು ಬಲಗೈ ಎತ್ತಲು ಹೋಗಿ, ಅರ್ಧಕ್ಕೇ ಇಳಿಸಿ, ಎಡಗೈ ಎತ್ತಿದೆ.